ಟ್ರಿಬ್ಯೂನನ ಬಾಗಿಲು

ನಮ್ಮ ಮನೆಯೊಳಗೆ ಶೂ ಹಾಕಿಕೊಂಡು ಯಾರೂ ಕಾಲಿಡುವ ಹಾಗಿಲ್ಲ. ಗಂಡನ ಬಾಸ್ ಬಂದಾಗಲೂ ಬಾಗಿಲಲ್ಲೇ ನಿಲ್ಲಿಸಿ ಬಿಚ್ಚಿಸಿದವಳು ನಾನು. ಬಹರೈನಿನ ಧೂಳು ಗುಡಿಸಿ ಗೊತ್ತಿಲ್ಲದವರು ಇದನ್ನು ಮಡಿ ಅಂದುಕೊಳ್ಳಬಹುದು, ಅಂದುಕೊಳ್ಳಲಿ. ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಅಂಥದೊಂದು ಶುಕ್ರವಾರ ಮಧ್ಯಾಹ್ನ ಬಿಸಿಲಲ್ಲಿ ನಡೆದು ಬಂದ ಒಬ್ಬರು ಬೆವರಿಳಿಸುತ್ತಾ ಹೊಸ್ತಿಲಲ್ಲಿ ನಿಂತಾಗಲೂ ನನ್ನ ಬಾಯಿಂದ ಮೊದಲು ಬಂದದ್ದು, "ಶೂ ಅಲ್ಲೇ ಬಿಡಿ" ಎಂಬ ಮಾತೇ.

ಅವರು ವೆಲ್ಡರ್. ಕುಂದಾಪುರದ ಕಡೆಯವರು, ಮೀನಾ ಸಲ್ಮಾನ್ ಬಂದರಿನ ಒಂದು ವರ್ಕ್‌ಶಾಪಿನಲ್ಲಿ ಕೆಲಸ. ಹಿಂದೊಮ್ಮೆ ನಮ್ಮ ಬಾಲ್ಕನಿಯ ಗ್ರಿಲ್ ಸರಿಮಾಡಿ ಕೊಟ್ಟಿದ್ದರು, ಅಷ್ಟೇ ಪರಿಚಯ. ಊರಿನಲ್ಲಿ ಅವರ ಹೆಂಡತಿಗೆ ಆಪರೇಷನ್ ನಿಗದಿಯಾಗಿತ್ತು. ಅವರ ಪಾಸ್‌ಪೋರ್ಟ್ ಮಾತ್ರ ಕಂಪನಿಯ ಕಪಾಟಿನಲ್ಲಿ ಬೀಗದೊಳಗೆ. ಕೇಳಿದರೆ ಕಂಪನಿಯವರು "ಈ ಕೆಲಸ ಮುಗಿಯಲಿ" ಎನ್ನುತ್ತಿದ್ದರಂತೆ. ಜಗಳ ಮಾಡಿ ಕಂಪನಿಯ ಕೆಲಸಗಾರರ ಕ್ಯಾಂಪಿನಿಂದ ಹೊರಬಿದ್ದಿದ್ದರು.

"ಭಾನುವಾರ ಎಂಬೆಸಿ ತೆಗೀತದೆ ಟೀಚರ್, ಹೋಗಿ ಕಂಪ್ಲೇಂಟ್ ಕೊಡ್ತೇನೆ. ಅಲ್ಲಿವರೆಗೆ ಒಂದು ಮೂಲೆ ಕೊಡಿ. ಅವರ ಕೈಗೆ ಸಿಕ್ಕಿದ್ರೆ ಭಾನುವಾರ ನಾನು ಯಾವ ಸೈಟಿನಲ್ಲಿ ಇರ್ತೇನೋ, ದೇವರಿಗೇ ಗೊತ್ತು."

ನಮ್ಮ ಯಜಮಾನರು ನನ್ನನ್ನು ಅಡುಗೆಮನೆಗೆ ಕರೆದರು. "ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗೆ ಆಯ್ತಲ್ಲ ಮಾರಾಯ್ತಿ! ಓಡಿಹೋದವ ಅಂತ ಕಂಪನಿ ಕೇಸ್ ಹಾಕಿದ್ರೆ ಇಟ್ಟುಕೊಂಡ ನಮ್ಮ ಗತಿ ಎಂತ? ನನ್ನ ವೀಸಾ ರಿನ್ಯೂ ಆಗ್ಬೇಕು, ಗೊತ್ತುಂಟಲ್ಲ?"

ಗೊತ್ತಿತ್ತು. ಡಿಪ್ಲೊಮ್ಯಾಟಿಕ್ ಏರಿಯಾ ಎಂಬ ಬಡಾವಣೆಯಲ್ಲಿದ್ದ ಇವರ ಆಫೀಸಿನಲ್ಲಿ ಆ ವರ್ಷ ಯಾರ ಕುರ್ಚಿಯೂ ಗಟ್ಟಿ ಇರಲಿಲ್ಲ. ಇವರ ವೀಸಾ ಹೋದರೆ ನನ್ನದೂ ಹೋಗುತ್ತದೆ, ಮಗಳ ಶಾಲೆಯೂ ಹೋಗುತ್ತದೆ. ನನಗೂ ಹೆದರಿಕೆಯೇ. ಆದರೆ ಹೆದರಿದಾಗ ನನಗೆ ಸಿಟ್ಟೇ ಮೊದಲು ಬರುವುದು. "ಅನ್ನ ಬಡಿಸ್ತೇನೆ, ಆಮೇಲೆ ನೋಡುವ" ಎಂದೆ.

ನಾನು ಇಲ್ಲಿನ ಶಾಲೆಯಲ್ಲಿ ಚರಿತ್ರೆ ಕಲಿಸುತ್ತೇನೆ. ಹಿಂದಿನ ದಿನವಷ್ಟೇ ರೋಮಿನ ಅಧಿಕಾರಿಗಳ ಪಾಠ ಮಾಡಿದ್ದೆ. ಕಾನ್ಸಲ್, ಪ್ರೀಟರ್ ಎಂದಾಗ ಆಕಳಿಸುತ್ತಿದ್ದ ಮಕ್ಕಳು ಟ್ರಿಬ್ಯೂನ್ ಬಂದಾಗ ನೆಟ್ಟಗೆ ಕೂತವು. ಅವನು ಬಡಜನರು ಆರಿಸಿದ ಅಧಿಕಾರಿ. ಅವನಿಗೆ ಸೈನ್ಯವಿಲ್ಲ, ಮುಂದೆ ನಡೆಯುವ ದಂಡಧಾರಿಗಳಿಲ್ಲ. ಅವನ ಮನೆಯ ಬಾಗಿಲು ಹಗಲೂ ರಾತ್ರಿ ತೆರೆದೇ ಇರಬೇಕು, ಒಂದು ರಾತ್ರಿಯೂ ಅವನು ಊರು ಬಿಡುವಂತಿಲ್ಲ. ಯಾರನ್ನಾದರೂ ಅನ್ಯಾಯವಾಗಿ ಎಳೆದೊಯ್ಯುತ್ತಿದ್ದರೆ ಅವನು ಬಂದು ನಡುವೆ ನಿಲ್ಲುತ್ತಾನೆ, ಅಷ್ಟೇ ಅವನ ಕೆಲಸ. ಅವನ ಮೈ ಮುಟ್ಟಿದವನಿಗೆ ಸಾವೇ ಶಿಕ್ಷೆ. ಹುಡುಗಿಯೊಬ್ಬಳು ಎದ್ದು, "ಮಿಸ್, ಹೊರಗಿನಿಂದ ಬಂದವರಿಗೂ ಅವನು ಹಾಗೆ ನಿಲ್ತಿದ್ದನಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಇಲ್ಲಮ್ಮ, ನಾಗರಿಕರಿಗೆ ಮಾತ್ರ ಎಂದೆ. ಹಾಗೆಂದ ಮೇಲೆ ತರಗತಿಯನ್ನೊಮ್ಮೆ ನೋಡಿದೆ. ಅಲ್ಲಿದ್ದವರೆಲ್ಲ ಹೊರಗಿನಿಂದ ಬಂದವರೇ, ನಾನೂ ಸೇರಿ.

ವೆಲ್ಡರ್ ಮಜ್ಜಿಗೆಗೆ ಬರುವಷ್ಟರಲ್ಲಿ ಬೆಲ್ ಆಯಿತು. ಬಾಗಿಲು ಅರ್ಧ ತೆರೆದೆ. ಇಸ್ತ್ರಿ ಅಂಗಿ, ಹೊಳೆಯುವ ಕಪ್ಪು ಶೂ, ನಗುಮುಖ.

"ಊಟ ಆಯ್ತಾ ಅಕ್ಕ? ನಾನು ಮಂಗಳೂರಿನವನೇ."

ಅವನು ಆ ಕಂಪನಿಯ ಮಂದೂಬ್, ಅಂದರೆ ಕಂಪನಿಯ ಪರವಾಗಿ ಸರ್ಕಾರಿ ಕಚೇರಿ ಸುತ್ತುವವನು. ಕ್ಯಾಂಪಿನವರ ಬಾಯಿಂದ ಬಿಲ್ಡಿಂಗಿನ ಹೆಸರು ತೆಗೆಸಿದ್ದನಂತೆ. "ನಮ್ಮ ಒಬ್ಬ ನಿಮ್ಮಲ್ಲಿದ್ದಾನೆ. ಕೆಳಗೆ ಗಾಡಿ ಉಂಟು, ಕಳಿಸಿಕೊಡಿ."

"ನಿಮ್ಮವರು ಯಾರೂ ಇಲ್ಲಿಲ್ಲ."

ಅವನು ವಾದ ಮಾಡಲಿಲ್ಲ, ನೆಲ ನೋಡಿದ. ನಾನೂ ನೋಡಿದೆ. ನಮ್ಮ ಚಪ್ಪಲಿಗಳ ಪಕ್ಕದಲ್ಲಿ ಒಂದು ಜೊತೆ ಸೇಫ್ಟಿ ಶೂ, ಹಿಮ್ಮಡಿಯ ಮೇಲೆ ಹಳದಿ ಪೇಂಟಿನಲ್ಲಿ ಕಂಪನಿಯ ನಂಬರು. ಒಂದೊಂದೇ ಮಹಡಿ ಹತ್ತಿ ಅವನು ಬಾಗಿಲುಗಳನ್ನಲ್ಲ, ಚಪ್ಪಲಿಗಳನ್ನು ನೋಡುತ್ತಾ ಬಂದಿದ್ದ. ನನ್ನ ಚೊಕ್ಕತನಕ್ಕಿಷ್ಟು ಬೆಂಕಿ ಹಾಕ ಎಂದು ನನ್ನನ್ನೇ ಬೈದುಕೊಂಡೆ. 

"ಒಂದು ನಿಮಿಷ ಮಾತಾಡಿ ಹೋಗ್ತೇನೆ" ಎನ್ನುತ್ತಾ ಅವನು ಬಾಗಿಲಿಗೆ ಕೈಯಿಟ್ಟು ಕಾಲೆತ್ತಿದ.

"ಶೂ!"

ತರಗತಿಯ ಕೊನೇ ಬೆಂಚಿಗೆ ಮೀಸಲಾದ ದನಿ ಅದು. ಎತ್ತಿದ ಕಾಲು ಅಲ್ಲೇ ನಿಂತಿತು. ನಮ್ಮ ಊರಿನ ತಾಯಿಯ ಕೈಯಲ್ಲೇ ಬೆಳೆದವನಲ್ಲವೇ? ತಕ್ಷಣ ಶೂವಿನ ಲೇಸಿಗೆ ಬಾಗಿದ.

"ಬಿಚ್ಚುವುದು ಬೇಡ. ಶೂ ಬಿಚ್ಚಿ ಒಳಗೆ ಬರುವುದು ನಾನು ಕರೆದವರು. ನಿಮ್ಮನ್ನು ನಾನು ಕರೆದಿಲ್ಲ" ಎಂದು ಬಾಗಿಲ ಎರಡೂ ಕಡೆಗೆ ಕೈಯಿಟ್ಟು ನಿಂತೆ. ನನ್ನನ್ನು ಮುಟ್ಟಿದರೆ ಯಾರಿಗೂ ಏನೂ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. 

ಅವನ ನಗು ಹೋಯಿತು. "ಕೇಸ್ ಆದ್ರೆ ನಿಮ್ಮ ಯಜಮಾನರ ವೀಸಾ ಎಂತ ಆಗ್ತದೆ, ಯೋಚನೆ ಮಾಡಿದ್ದೀರಾ?"

ಹಿಂದೆ ಇವರ ಹೆಜ್ಜೆ ಕೇಳಿಸಿತು. ಮುಗಿಯಿತು, ಈಗ ನನ್ನನ್ನು ಬದಿಗೆ ಸರಿಸುತ್ತಾರೆ ಎಂದುಕೊಂಡೆ. ಇವರು ನನ್ನ ಪಕ್ಕ ಬಂದು ನಿಂತರು. "ಭಾನುವಾರ ಅವರನ್ನು ಎಂಬೆಸಿಗೆ ನಾನೇ ಕರ್ಕೊಂಡು ಹೋಗ್ತೇನೆ. ಮಾತಾಡ್ಲಿಕ್ಕಿದ್ರೆ ಅಲ್ಲಿಗೆ ಬನ್ನಿ." ದನಿ ನಡುಗುತ್ತಿತ್ತು. ಮದುವೆಯಾದ ಮೇಲೆ ಇವರ ಮೇಲೆ ಅಷ್ಟು ಪ್ರೀತಿ ಬಂದದ್ದು ಅವತ್ತೇ ಇರಬೇಕು.

ಮಂದೂಬ್ ಫೋನು ತೆಗೆದ, ಏನೋ ಯೋಚಿಸಿ ಜೇಬಿಗೆ ಹಾಕಿದ, ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದ. ಶನಿವಾರ ಇಡೀ ದಿನ ಲಿಫ್ಟಿನ ಸದ್ದಾದಾಗಲೆಲ್ಲ ಮನೆಯಲ್ಲಿ ಮಾತು ನಿಲ್ಲುತ್ತಿತ್ತು. ಯಾರೂ ಬರಲಿಲ್ಲ. ಭಾನುವಾರ ಇವರು ರಜೆ ಹಾಕಿ ವೆಲ್ಡರನ್ನು ಎಂಬೆಸಿಗೆ ಕರೆದೊಯ್ದರು. ಕೆಲಸಗಾರರ ಪಾಸ್‌ಪೋರ್ಟ್ ಇಟ್ಟುಕೊಳ್ಳುವುದು ಇಲ್ಲಿನ ಕಾನೂನಿಗೂ ವಿರುದ್ಧವೇ; ದೂರು ಕೊಟ್ಟ ಮೇಲೆ ಪಾಸ್‌ಪೋರ್ಟ್ ಕೈಗೆ ಬಂತು, ಅವರು ಊರಿಗೆ ಹೊರಟರು. ಆಪರೇಷನ್ನಿಗೆ ಮೊದಲೇ ತಲುಪಿದೆ ಎಂದು ಫೋನು ಮಾಡಿದಾಗ ನಾನು ಅತ್ತೇಬಿಟ್ಟೆ. ನಮ್ಮ ವೀಸಾಕ್ಕೂ ಏನೂ ಆಗಲಿಲ್ಲ.

ಆಮೇಲೊಂದು ಶುಕ್ರವಾರ ಮತ್ತೆ ಬೆಲ್ ಆಯಿತು. ಅವನೇ, ಆ ಮಂದೂಬ್. ಇಸ್ತ್ರಿಯಿಲ್ಲದ ಅಂಗಿ. ಬರಿಗಾಲಲ್ಲಿ ನಿಂತಿದ್ದ. ಆ ಕಪ್ಪು ಶೂ ನಮ್ಮ ಚಪ್ಪಲಿಗಳ ಪಕ್ಕ, ಗೋಡೆಗೆ ಒತ್ತಿ, ಒಪ್ಪವಾಗಿ ಇಟ್ಟಿತ್ತು.

"ಅಕ್ಕ," ಎಂದ. ಊಟ ಆಯ್ತಾ ಎಂದು ಕೇಳಲಿಲ್ಲ. "ನನ್ನ ಪಾಸ್‌ಪೋರ್ಟ್ ಸಹ ಅದೇ ಕಪಾಟಿನಲ್ಲಿ ಉಂಟು."

ನಾನು ಬಾಗಿಲಿನಿಂದ ಸರಿದು ನಿಂತೆ. ಈಗ ಅವರೂ ನಾನು ಕರೆದವರೇ; ತಲೆ ತಗ್ಗಿಸಿ ಒಳಗೆ ಹೋದರು. ಆಮೇಲೆ ಬಗ್ಗಿ ಆ ಶೂಗಳನ್ನು ನಾನೇ ಎತ್ತಿ ಮನೆಯೊಳಗೆ ತಂದಿಟ್ಟು ಬಾಗಿಲು ಹಾಕಿದೆ.