ಗಡಿಕಲ್ಲಿನ ಬಳಿ ಇಬ್ಬರು ಬೀಗರು

ಗೆಳೆಯರೇ, ಇವತ್ತು ಇಬ್ಬರು ಬೀಗರ ನಡುವೆ ನಿಂತು ಮಾತು ದಾಟಿಸುವ ಕೆಲಸ ನನಗೆ ಸಿಕ್ಕಿತು. ಚನ್ನರಾಯನದುರ್ಗದಿಂದ ಮಧುಗಿರಿಗೆ ನಡೆದು ಹೊರಟಿದ್ದೆ. ಈ ಕಡೆ ದಾರಿ ತೋರಿಸುವ ತಳವಾರ ತನ್ನೂರಿನ ಗಡಿಕಲ್ಲಿನವರೆಗೆ ಬಂದು, ನಮ್ಮನ್ನೂ ನಮ್ಮ ಚೀಲವನ್ನೂ ಮುಂದಿನ ಊರಿನ ತಳವಾರನಿಗೆ ಒಪ್ಪಿಸಿ ಹಿಂದಿರುಗುವುದು ವಾಡಿಕೆ. ನನ್ನ ಚೀಲ ಹೊತ್ತು ಜೊತೆಗೆ ಬಂದ ತಳವಾರ ಹನುಮಯ್ಯ ದಾರಿಯುದ್ದಕ್ಕೂ ಹೇಳಿದ್ದು ಒಂದೇ: ಎರಡನೆಯ ಮೊಮ್ಮಗಳ ನಾಮಕರಣಕ್ಕೆ ಬೀಗ ಕರೆಯಲಿಲ್ಲ, ಅಂದಿನಿಂದ ಇಬ್ಬರಿಗೂ ಮಾತಿಲ್ಲ, ಮಗುವಿನ ಮುಖವನ್ನೇ ತಾನು ನೋಡಿಲ್ಲ. ಗಡಿಕಲ್ಲಿನ ಬಳಿ ಕಾದಿದ್ದ ಮುಂದಿನ ಊರಿನ ತಳವಾರ ಅದೇ ಬೀಗ, ರಂಗಪ್ಪ.

ರಂಗಪ್ಪ ನನ್ನತ್ತ ತಿರುಗಿ, "ಚೀಲ ಕೊಡಕ್ಕೆ ಹೇಳಿ ಸ್ವಾಮಿ" ಅಂದ.

"ಬಲು ಭಾರ ಅದೆ, ನಾನೇ ತತ್ತೀನಿ ಅನ್ನಿ" ಎಂದ ಹನುಮಯ್ಯ, ಅವನೂ ನನಗೇ.

ಚೀಲದಲ್ಲಿದ್ದದ್ದು ಒಂದು ಪಂಚೆ, ಒಂದು ಟವೆಲು. ಹೌದು, ತುಂಬ ಭಾರ ಎಂದೆ.

ರಂಗಪ್ಪ ಬೆಟ್ಟದ ಕಡೆ ಮುಖ ಮಾಡಿಕೊಂಡು ನನಗೆ ಹೇಳಿದ: "ಅಂಗಾರೆ ಮನೆಗಂಟ ಬರ್ಲಿ. ಉಂಡ್ಕಂಡೇ ಹೋಗ್ಬೇಕು ಅಂತ್ಲೂ ಹೇಳ್ಬುಡಿ."

ಈಗ ರಂಗಪ್ಪನ ಜಗಲಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಹನುಮಯ್ಯನ ತೊಡೆಯ ಮೇಲೆ ಆ ಎರಡನೆಯ ಮೊಮ್ಮಗಳು ನಿದ್ದೆ ಹೋಗಿದ್ದಾಳೆ. ಮಧುಗಿರಿ ಇವತ್ತಿಗಿಲ್ಲ. ಅಷ್ಟು ಭಾರದ ಚೀಲವನ್ನು ಇಂಥ ಬಿಸಿಲಲ್ಲಿ ಮತ್ತೆ ಹೊರಿಸುವುದು ನ್ಯಾಯವಲ್ಲ.