ಬಾಯ್ಲರ್ ನೀರು ಎಲ್ಲಿ ಹೋಗ್ತಿತ್ತು

ಅಮೆರಿಕದಲ್ಲಿ ನೋವೈ ಅನ್ನೋ ಊರಿನ ಆಚೆ ಮೈಸೂರಿನವರೊಬ್ಬರ ಹಿತ್ತಲಲ್ಲಿ ಸೌದೆ ಬಾಯ್ಲರ್ ಇದೆ. ಅದರ ಶಾಖದಿಂದಲೇ ಮನೆಯೊಳಗಿನ ವಾಟರ್ ಹೀಟರ್ ಕಾಯೋ ಹಾಗೆ ಪೈಪ್ ಹಾಕಿಕೊಟ್ಟವನು ನಾನು. ಬಾಯ್ಲರಿನ ನೀರು ಬಳಸೋಕಲ್ಲ, ಪೈಪಲ್ಲೇ ಸುತ್ತಿ ವಾಪಸ್ ಬರಬೇಕು. ವಾರದೊಳಗೆ ಅವರ ಫೋನ್: "ಬಾಯ್ಲರ್‌ನಲ್ಲಿ ದಿನಾ ನೀರು ಕಮ್ಮಿಯಾಗ್ತಿದೆ."

ಹೋಗಿ ಮಂಡಿಯೂರಿ ಒಂದೊಂದು ಜಾಯಿಂಟನ್ನೂ ಮುಟ್ಟಿ ನೋಡಿದೆ. ಒಂದು ಹನಿಯೂ ಸೋರಿಲ್ಲ. ನನ್ನ ಮರ್ಯಾದೆ ಪ್ರಶ್ನೆ ಬೇರೆ! ಅಷ್ಟರಲ್ಲಿ ಊರಿಂದ ಬಂದಿದ್ದ ಅವರ ತಾಯಿ ಬಕೆಟ್ ಹಿಡಿದು ಬಂದವರೇ ಬಾಯ್ಲರಿನ ಕೆಳಗಿನ ನಲ್ಲಿ ತಿರುಗಿಸಿದರು.

"ಆಂಟೀ, ಏನ್ಮಾಡ್ತಿದೀರಾ?"

"ಸ್ನಾನಕ್ಕಪ್ಪಾ. ಹಂಡೆ ನೀರಿನ ಸುಖ ಒಳಗಿನ ನಲ್ಲೀಲಿ ಎಲ್ಲಿ ಬರುತ್ತೆ?"

"ಅಯ್ಯೋ, ಕಬ್ಬಿಣ ತುಕ್ಕು ಹಿಡೀಬಾರದು ಅಂತ ಅದಕ್ಕೆ ಕೆಮಿಕಲ್ ಹಾಕಿದೀನಿ!"

ಆಂಟಿ ಮುಖ ಅರಳಿತು. "ಅದಕ್ಕೇ ನೋಡು, ನಾಲ್ಕು ದಿನದಿಂದ ನನ್ನ ಮಂಡಿ ಕಟಕಟ ಅಂತಿಲ್ಲ!"

ನಲ್ಲಿಯ ಹಿಡಿ ಬಿಚ್ಚಿ ಜೇಬಿಗೆ ಹಾಕಿಕೊಂಡು ಎದ್ದೆ. ನನ್ನ ಮಂಡಿ ಕಟಕ್ ಅಂತು.