ಮುಚ್ಚಳ ತೆಗೆಯುವ ಕೈ

ಇಲ್ಲ ಕಣೇ ಪುಟ್ಟಿ, ನೀನು ಅಂದುಕೊಂಡ ಹಾಗೆ ಅದು ನೆಗಡಿಯಲ್ಲ. ಕೆಳಗಿನ ಮನೆಯ ಗೋಂದಮ್ಮನ ಕಣ್ಣು ಮೂಗಿನಲ್ಲಿ ನಾಲ್ಕು ತಿಂಗಳಿಂದ ನೀರು ಸುರಿಯುತ್ತಿದ್ದದ್ದು ಸಾಸೇಜಿನ ಖಾರಕ್ಕೆ. ನಗಬೇಡ. ಮೊದಮೊದಲು ನಾನೂ ನಕ್ಕವಳೇ. ಆ ಸ್ವೆಟರನ್ನು ಅತ್ತ ಸರಿಸಿ ಕೂತುಕೋ, ಹೇಳುತ್ತೇನೆ. ಮಧ್ಯೆ ಎಲ್ಲಾದರೂ ದಾರಿ ತಪ್ಪಿದರೆ ಕೈಹಿಡಿದು ಎಳೆದು ತಾ.

ಗೋಂದಮ್ಮ ಅನ್ನುವುದು ಅವಳ ಹೆಸರಲ್ಲ. ಇಪ್ಪತ್ತಾರು ವರ್ಷದಿಂದ ಚಪ್ಪಲಿ ಕಾರ್ಖಾನೆಯಲ್ಲಿ ಅಟ್ಟೆಗೆ ಗೋಂದು ಬಳಿಯುತ್ತಾಳೆ, ಅದಕ್ಕೆ ಆ ಹೆಸರು. ಸಂಜೆ ಮನೆಗೆ ಬಂದರೆ ಹತ್ತು ಬೆರಳ ತುದಿಗೂ ಗೋಂದು ಒಣಗಿ ಇನ್ನೊಂದು ಚರ್ಮ ಬಂದಿರುತ್ತದೆ. ಅವಳ ಮಗಳು ಚಿಕ್ಕವಳಿದ್ದಾಗ ಅಮ್ಮನ ತೊಡೆಯ ಮೇಲೆ ಕೂತು ಅದನ್ನು ಸಿಪ್ಪೆಯ ಹಾಗೆ ಸುಲಿಯುತ್ತಿತ್ತು. ಈಗ ಆ ಮಗಳಿಗೇ ತಲೆಯಲ್ಲಿ ಎರಡು ಬಿಳಿ ಕೂದಲು. ಅದಿರಲಿ.

ಗಂಡನನ್ನು ಎಲ್ಲರೂ ಕರೆಯುತ್ತಿದ್ದದ್ದು ಖಾರದಣ್ಣ ಎಂದು. ಬಸ್ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಮೂವತ್ತೊಂದು ವರ್ಷ ಸಾಸೇಜು ಬೇಯಿಸಿದವನು. ದೊಡ್ಡ ಕಬ್ಬಿಣದ ಬಾಣಲೆ, ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಟೊಮೆಟೊ, ಮೇಲೆ ಒಣಮೆಣಸಿನಕಾಯಿಯ ಪುಡಿ. ಅವನ ತಟ್ಟೆ ಮುಗಿಸಿ ಬಸ್ಸು ಹತ್ತಿದವನಿಗೆ ಮುಂದಿನ ಊರಿನವರೆಗೆ ನಿದ್ದೆ ಬರುವುದಿಲ್ಲ ಎಂದು ಡ್ರೈವರುಗಳು ಹೇಳುತ್ತಿದ್ದರು. ಅದಕ್ಕೇ ಡ್ರೈವರುಗಳಿಗೆ ಅವನು ಒಂದು ಸಾಸೇಜು ಹೆಚ್ಚಿಗೆ ಹಾಕುತ್ತಿದ್ದ. "ಅವರು ನಿದ್ದೆ ಮಾಡಿದ್ರೆ ನಲವತ್ತು ಜನರ ಗತಿ ಏನಮ್ಮಾ?" ಅನ್ನುತ್ತಿದ್ದ.

ಮರೆವು ಅವನಿಗೆ ಯಾವಾಗ ಶುರುವಾಯಿತೋ ಯಾರಿಗೂ ಗೊತ್ತಿಲ್ಲ. ಹೋಟೆಲು ಬಿಟ್ಟು ಎರಡು ವರ್ಷವಾಗಿತ್ತು. ಮೊದಲು ಕನ್ನಡಕ ಮರೆತ, ಆಮೇಲೆ ಕನ್ನಡಕ ಇಟ್ಟಿದ್ದ ಜಾಗ, ಆಮೇಲೆ ಕನ್ನಡಕ ಹಾಕುವ ಅಭ್ಯಾಸ ಇತ್ತು ಅನ್ನುವುದನ್ನೇ. ಒಂದು ದಿನ ಗ್ಯಾಸ್ ಹಚ್ಚಿ ಖಾಲಿ ಬಾಣಲೆ ಇಟ್ಟು ಹೋಗಿ ಮಲಗಿದ್ದ. ಬಾಣಲೆಯ ಪ್ಲಾಸ್ಟಿಕ್ ಹಿಡಿ ಕರಗಿ ಒಲೆಯ ಮೇಲೆ ಹರಿದಿತ್ತು. ನಾನು ಮೇಲಿಂದ ಹೊಗೆ ನೋಡಿ ಓಡಿಹೋಗಿ ಆರಿಸಿದೆ. ಈ ಮಂಡಿ ನೋವು ಅವತ್ತು ಹಿಡಿದದ್ದು, ಇನ್ನೂ ಬಿಟ್ಟಿಲ್ಲ.

ಸುದ್ದಿ ಕೇಳಿ ಮಗಳು ಬಂದಳು. "ಅಮ್ಮಾ, ಅಪ್ಪನ್ನ ಆರೈಕೆ ಮನೆಗೆ ಸೇರಿಸೋಣ. ನೀನು ಬೆಳಗ್ಗೆ ಹೋದ್ರೆ ಸಂಜೆ ಬರ್ತೀಯ. ಅಷ್ಟು ಹೊತ್ತು ಯಾರು ನೋಡ್ತಾರೆ?"

"ಒಲೆ ತೆಗೆಸಿಬಿಡ್ತೀನಿ."

"ಒಲೆ ತೆಗೆಸಿದ್ರೆ ಅಪ್ಪ ಇಡೀ ದಿನ ಏನ್ಮಾಡ್ತಾರೆ? ಗೋಡೆ ನೋಡ್ತಾರಾ?"

ಆ ಮಾತು ಗೋಂದಮ್ಮನ ಎದೆಯಲ್ಲೇ ಕೂತುಬಿಟ್ಟಿತು. ಅವಳು ಒಲೆ ತೆಗೆಸಿದಳು, ಕರೆಂಟಿನಲ್ಲಿ ನಿಧಾನಕ್ಕೆ ಬೇಯಿಸುವ ಸ್ಲೋ ಕುಕ್ಕರ್ ತಂದಳು. ನೀನು ನೋಡಿದ್ದೀಯಲ್ಲ, ದೊಡ್ಡ ಹೊಟ್ಟೆಯ ಪಿಂಗಾಣಿ ಪಾತ್ರೆ, ಗಾಜಿನ ಮುಚ್ಚಳ, ಮುಂದೆ ತಿರುಗಿಸುವ ಒಂದು ಗುಂಡಿ. ಬೆಂಕಿಯಿಲ್ಲ, ಹೊಗೆಯಿಲ್ಲ. ಎಂಟು ಗಂಟೆ ಬಿಟ್ಟರೂ ತಳ ಹಿಡಿಯುವುದಿಲ್ಲ. ತಿಂಗಳಿಗೊಮ್ಮೆ ಬರುವ ನರ್ಸಮ್ಮ ಅದನ್ನು ಮುಟ್ಟಿ ನೋಡಿ ತಲೆಯಾಡಿಸಿದಳು. "ಒಂದು ಕೆಲಸ ಅಂತ ಇದ್ರೆ ಅವರಿಗೂ ಒಳ್ಳೇದು. ಸರಿಯಾಗಿ ನಡೀತಿರೋವರೆಗೂ ಮನೇಲೇ ಇರಲಿ. ತಪ್ಪಿದ್ರೆ ಮಾತ್ರ ನಾನು ಸುಮ್ಮನಿರೋಕಾಗಲ್ಲಮ್ಮ, ಆರೈಕೆ ಮನೆಗೆ ಬರೀಲೇಬೇಕು," ಎಂದಳು. ಅಲ್ಲಿಗೆ ಅವನು ಮನೆಯಲ್ಲಿ ಉಳಿಯುವುದೂ ಬಿಡುವುದೂ ಆ ಪಾತ್ರೆಯ ಮೇಲೆ ನಿಂತಿತು.

ಖಾರದಣ್ಣನಿಗೆ ಮೊದಲ ದಿನವೇ ಅದನ್ನು ಕಂಡರೆ ಆಗಲಿಲ್ಲ. "ಇದೇನು ಅಡುಗೇನಾ ಕಣೇ? ಮಾಂಸಕ್ಕೆ ಬಿಸಿನೀರು ಸ್ನಾನ ಮಾಡ್ಸೋದು ಇದು."

"ಮಾಡ್ಸಿ ಬಿಡಿ. ನಿಮಗಿಂತ ಚೆನ್ನಾಗಿ ಸ್ನಾನ ಮಾಡುತ್ತೆ ಅದು," ಎಂದಳು ಅವಳು.

ಬೆಳಗ್ಗೆ ಐದೂವರೆಗೆ ಎದ್ದು ಈರುಳ್ಳಿ ಹೆಚ್ಚಿ ತಳಕ್ಕೆ ಹಾಸಿ, ಮೇಲೆ ಆರು ಸಾಸೇಜು ಜೋಡಿಸಿ, ಟೊಮೆಟೊ ಸುರಿದು, ಪುಡಿಯ ಡಬ್ಬಿ ಪಕ್ಕದಲ್ಲಿಟ್ಟು ಅವಳು ಏಳಕ್ಕೆ ಹೊರಡುತ್ತಿದ್ದಳು. ಕಾರ್ಖಾನೆಯಲ್ಲಿ ಹತ್ತಕ್ಕೆ ಗಂಟೆ ಹೊಡೆದು ಹತ್ತು ನಿಮಿಷ ಬಿಡುವು ಕೊಟ್ಟರೆ ಉಳಿದವರು ಚಹಾಕ್ಕೆ ಓಡುವರು, ಇವಳು ಫೋನು ಹಿಡಿದು ಕಿಟಕಿಗೆ ಓಡುವಳು.

"ರೀ, ಪುಡಿ ಹಾಕಿದ್ರಾ?"

"ಹಾಕ್ದೆ."

"ಎಷ್ಟು?"

"ಎರಡು ಚಮಚ. ನನಗೆ ಹೇಳಿಕೊಡೋಕೆ ಬಂದ್ಲು."

"ಗುಂಡಿ ತಿರುಗಿಸಿದ್ರಾ?"

"ತಿರುಗಿಸ್ದೆ ಕಣೇ. ಹೋಗು, ಚಪ್ಪಲಿ ಅಂಟ್ಸು."

ಅಷ್ಟು ಕೇಳಿದರೆ ಅವಳಿಗೆ ಆ ದಿನ ಹೇಗೋ ದಾಟುತ್ತಿತ್ತು. ಸಂಜೆ ಬಾಗಿಲು ತೆಗೆದಾಗ ಘಮ ಬಂದರೆ ಗೋಡೆ ಹಿಡಿದು ನಿಂತು ಉಸಿರು ಬಿಡುತ್ತಿದ್ದಳು. ಅವನು ಎರಡು ತಟ್ಟೆ ಇಟ್ಟು ಕಾದಿರುತ್ತಿದ್ದ. ಒಂದು ತಿಂಗಳು ಹೀಗೇ ಸಾಗಿತು. ಆ ಒಂದು ತಿಂಗಳೇ ಅವಳಿಗೆ ಸಿಕ್ಕಿದ್ದು, ಪುಟ್ಟಿ.

ಎರಡನೆಯ ತಿಂಗಳಿಗೆ ಖಾರ ಏರತೊಡಗಿತು. ಮೊದಲು ತುಟಿ ಉರಿಯಿತು, ಆಮೇಲೆ ಕಿವಿ, ಆಮೇಲೆ ಹೊಟ್ಟೆ. ನಮ್ಮ ಮನೆಗೆ ಬಂದು ಮೊಸರು ಕೇಳಿ ನಿಂತ ನಿಲುವಿನಲ್ಲೇ ಕುಡಿದು ಹೋಗುತ್ತಿದ್ದಳು. ಅದೂ ಅಲ್ಲದೆ ಎಂಟು ಗಂಟೆ ಕುಕ್ಕರಿನಲ್ಲಿದ್ದ ಸಾಸೇಜನ್ನು ಕತ್ತರಿಸಿದರೆ ನಡುವೆ ಇನ್ನೂ ಗುಲಾಬಿ ಬಣ್ಣ. ಇದೇನು ಮಾಯೆಯೋ ಅವಳಿಗೆ ತಿಳಿಯಲಿಲ್ಲ. ಒಂದು ದಿನ ಜ್ವರ ಬಂದು ಮನೆಯಲ್ಲೇ ಉಳಿದಾಗ, ಮಂಚದ ಮೇಲೆ ಮಲಗಿ ಅಡುಗೆಮನೆಯತ್ತ ನೋಡಿದಳು.

ಅವನು ಪುಡಿ ಹಾಕಿ, ಮುಚ್ಚಳ ಮುಚ್ಚಿ, ಗುಂಡಿ ತಿರುಗಿಸಿ, ಕುರ್ಚಿಯಲ್ಲಿ ಕೂತ. ಹತ್ತು ನಿಮಿಷಕ್ಕೆ ಎದ್ದ. ಮುಚ್ಚಳ ತೆಗೆದ, ಮೂಸಿದ, ಸೌಟಿನಲ್ಲಿ ತಿರುವಿದ, ಎರಡು ಚಮಚ ಪುಡಿ ಹಾಕಿದ, ಮುಚ್ಚಿದ, ಕೂತ. ಮತ್ತೆ ಎದ್ದ. ಮೂವತ್ತೊಂದು ವರ್ಷ ಬಾಣಲೆಯ ಮುಂದೆ ನಿಂತ ಕೈ ಅದು, ಪಾತ್ರೆಯನ್ನು ಅದರ ಪಾಡಿಗೆ ಬಿಡುವುದನ್ನು ಯಾರೂ ಅದಕ್ಕೆ ಕಲಿಸಿರಲಿಲ್ಲ. ಮುಚ್ಚಳ ತೆಗೆದರೆ ತಿರುವಬೇಕು, ತಿರುವಿದರೆ ಪುಡಿ ಬೀಳಬೇಕು. ಮೊದಲೇ ಹಾಕಿದ್ದು ತಲೆಯಲ್ಲಿ ಉಳಿದಿರುತ್ತಿರಲಿಲ್ಲ. ಈ ಕುಕ್ಕರಿನ ಗುಣವೋ, ಒಂದು ಸಲ ಮುಚ್ಚಳ ತೆಗೆದರೆ ಕೂಡಿಟ್ಟ ಕಾವೆಲ್ಲ ಹೋಗಿ ಮತ್ತೆ ಮೊದಲಿಂದ ಶುರು. ಅವಳು ಬೆರಳು ಮಡಿಸುತ್ತಾ ಹೋದಳು. ಮಧ್ಯಾಹ್ನದ ಹೊತ್ತಿಗೆ ಎರಡು ಕೈಯ ಬೆರಳೂ ಮುಗಿದವು. ಹೊದಿಕೆ ಮುಖದ ಮೇಲೆ ಎಳೆದುಕೊಂಡಳು.

ಅದಾದ ಮೇಲೆ ಅವಳು ಒಂದು ಉಪಾಯ ಮಾಡಿದಳು. ಉಪಾಯ ಏನು ಬಂತು, ತಪ್ಪೇ ಅನ್ನು. ಬರೀ ಬಣ್ಣವಿದ್ದು ಖಾರವಿಲ್ಲದ ಮೆಣಸಿನ ಪುಡಿ ಸಿಗುತ್ತದಲ್ಲ, ಅದನ್ನು ಡಬ್ಬಿಗೆ ತುಂಬಿಟ್ಟಳು. ಸಂಜೆ ಅವನು ಒಂದು ತುಂಡು ಬಾಯಿಗಿಟ್ಟ. ಅಗಿದ. ಇನ್ನೊಂದು ತುಂಡು. ಮುಖ ಬಿಳುಚಿತು. ಡಬ್ಬಿ ತೆಗೆದು ಪುಡಿಯನ್ನು ನೇರ ನಾಲಿಗೆಗೆ ಹಾಕಿಕೊಂಡ.

"ನಾಲಿಗೆ ಸತ್ತುಹೋಯ್ತು ಕಣೇ," ಎಂದ. "ಇದೊಂದಿತ್ತು ನಂದು ಅಂತ. ಇದೂ ಹೋಯ್ತು." ಎಂದವನು ಚಿಕ್ಕ ಮಗುವಿನ ಹಾಗೆ ಬಿಕ್ಕಿದ.

ಮಾರನೆಯ ದಿನವೇ ಗೋಂದಮ್ಮ ನಿಜವಾದ ಖಾರದ ಪುಡಿ ತಂದು ತುಂಬಿದಳು. ಅಂದಿನಿಂದ ಖಾರ ಅನ್ನದೆ ತಿಂದಳು. ಸಂಜೆ ಬಂದವಳೇ ಕುಕ್ಕರಿನ ಮುಂದೆ ಕಾವಲು ನಿಂತು ಅರೆಬೆಂದದ್ದನ್ನು ಪೂರಾ ಬೇಯಿಸಿ, ಅವನ ಎದುರು ಕೂತು ತಿನ್ನುತ್ತಿದ್ದಳು. ಅವನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದ.

"ಹೇಗಿದೆ?"

"ನಿಮ್ಮ ಕೈ ಅಂದ್ರೆ ಕೈ."

"ಕಣ್ಣಲ್ಲಿ ನೀರು ಬಂತು ನೋಡು!" ಎಂದು ಹಿಗ್ಗುತ್ತಿದ್ದ.

ಅವಳ ಕೆನ್ನೆ ಒಳಗೆ ಹೋಯಿತು, ರವಿಕೆಗಳು ಸಡಿಲವಾದವು. ನಾನು ಬೈದೆ. "ನಿನ್ನ ಹೊಟ್ಟೆಗೆ ತೂತು ಬೀಳುತ್ತೆ, ಹೇಳಿಬಿಡೇ ಮಗಳಿಗೆ," ಎಂದೆ. "ಹೇಳಿದ್ರೆ ಕರ್ಕೊಂಡು ಹೋಗ್ತಾರಕ್ಕಾ. ಹೊಟ್ಟೆ ನಂದು, ತಡೆಯುತ್ತೆ," ಎಂದಳು. ತಡೆಯಲಿಲ್ಲ. ಹೋದ ತಿಂಗಳು ಮಗಳು ಬಂದವಳು ಏನೋ ಹುಡುಕುತ್ತಾ ಅಮ್ಮನ ಚೀಲಕ್ಕೆ ಕೈಹಾಕಿದರೆ ಹೊಟ್ಟೆಯುರಿಯ ಔಷಧಿಯ ಬಾಟಲಿ, ಒಂದಲ್ಲ, ಮೂರು. ಅವಳು ಅಲ್ಲಿಂದಲೇ ನರ್ಸಮ್ಮನಿಗೆ ಫೋನು ಮಾಡಿದಳು. ಶನಿವಾರ ಮಧ್ಯಾಹ್ನ ಇಬ್ಬರೂ ಬಂದು ಅಪ್ಪ ಮಾಡಿದ್ದನ್ನೇ ಊಟ ಮಾಡುವುದೆಂದು ಮಾತಾಯಿತು. ಊಟ ಸರಿಯಿದ್ದರೆ ಉಳಿಯುತ್ತಾನೆ, ಇಲ್ಲದಿದ್ದರೆ ಇಲ್ಲ.

ಶುಕ್ರವಾರ ಸಂಜೆ ಗೋಂದಮ್ಮ ಸಾಸೇಜಿನ ಪೊಟ್ಟಣ ಸೆರಗಿನಲ್ಲಿ ಮುಚ್ಚಿಕೊಂಡು ನಮ್ಮ ಮನೆಗೆ ಬಂದಳು. ನನ್ನ ಒಲೆಯ ಮೇಲೆ, ಅವನು ಹೇಳಿಕೊಟ್ಟ ಹಾಗೆಯೇ, ಎರಡೇ ಚಮಚ ಪುಡಿ ಹಾಕಿ ಮಾಡಿದಳು. ನಾನು ರುಚಿ ನೋಡಿದೆ. ಏನು ಚೆನ್ನಾಗಿತ್ತು ಅಂತೀಯ! ಬೆಳಗ್ಗೆ ಅದನ್ನು ಕುಕ್ಕರಿಗೆ ಸುರಿದು ಬರೀ ಬೆಚ್ಚಗಿಟ್ಟಳು, ಡಬ್ಬಿ ಬಚ್ಚಿಟ್ಟಳು. ಅವನಿಗೆ ಗಡ್ಡ ತೆಗೆದು, ಇಸ್ತ್ರಿ ಶರ್ಟು ತೊಡಿಸಿ, "ನಿನ್ನೆ ನೀವೇ ಮಾಡಿಟ್ಟಿದ್ದೀರಿ ರೀ, ಇವತ್ತು ಬರೀ ಬಡಿಸೋದು," ಎಂದಳು. ಅವನು ನಂಬಿದ.

ಅವನು ಎಷ್ಟು ಚೆನ್ನಾಗಿ ಬಡಿಸಿದ ಗೊತ್ತಾ? ಹೋಟೆಲಿನಲ್ಲಿದ್ದಾಗಿನ ಹಾಗೆ ಹೆಗಲ ಮೇಲೆ ಟವೆಲು. ನನ್ನನ್ನೂ ಕರೆದಿದ್ದರು, ಮೇಜಿನ ಮೂಲೆಯಲ್ಲಿ ಗೋಂದಮ್ಮನ ಪಕ್ಕ ಕೂತಿದ್ದೆ. ನರ್ಸಮ್ಮ ಒಂದು ತುತ್ತು ತಿಂದು, "ಅಬ್ಬಾ ಯಜಮಾನ್ರೇ, ನಮ್ಮ ಆಸ್ಪತ್ರೆ ಕ್ಯಾಂಟೀನಿಗೆ ಬಂದುಬಿಡಿ," ಎಂದಳು. ಮಗಳ ಕಣ್ಣು ತುಂಬಿತು. "ಅಪ್ಪಾ, ಚಿಕ್ಕೋಳಿದ್ದಾಗ ತಿಂದ ಹಾಗೇ ಇದೆ." ನರ್ಸಮ್ಮ ಫೈಲು ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದಳು. ಗೋಂದಮ್ಮ ಮೇಜಿನ ಕೆಳಗೆ ನನ್ನ ಕೈ ಹಿಡಿದುಕೊಂಡಳು.

ಆಗ ಅವನು ತಾನೂ ಒಂದು ತುಂಡು ಬಾಯಿಗಿಟ್ಟ. ನಿಧಾನವಾಗಿ ಅಗಿದ. ತಟ್ಟೆ ಪಕ್ಕಕ್ಕೆ ಸರಿಸಿದ.

"ಇದು ನಂದಲ್ಲ."

"ಏನಪ್ಪಾ?"

"ನಂದಲ್ಲ ಅಂದೆ. ಯಾರು ಮಾಡಿದ್ದು ಇದು?"

"ನೀನೇ ಮಾಡಿದ್ದು ಅಪ್ಪಾ. ನಿನ್ನೆ ಮಾಡಿದ್ದು ಅಂತ ಅಮ್ಮ ಹೇಳಿದ್ಲಲ್ಲ, ಮರ್ತುಹೋಗಿದೆ ಅಷ್ಟೇ."

"ಮರೆವು ತಲೇಲಿ ಇರಬಹುದು ಮಗಾ, ನಾಲಿಗೇಲಿಲ್ಲ. ಈರುಳ್ಳಿ ಬಾಡೋ ಮುಂಚೆ ಉಪ್ಪು ಬಿದ್ದಿದೆ. ಸಾಸೇಜಿಗೆ ಚುಚ್ಚಿದ್ದಾರೆ, ರಸ ಎಲ್ಲಾ ಹೊರಗೆ ಬಂದಿದೆ. ಮೂವತ್ತೊಂದು ವರ್ಷ ನಾನು ಒಂದಕ್ಕೂ ಚುಚ್ಚಿಲ್ಲ." ಅವನು ಹೆಂಡತಿಯತ್ತ ತಿರುಗಿದ. "ನೀನು ಹೇಳೇ. ಇದು ನಾನು ಮಾಡಿದ್ನಾ?"

ನರ್ಸಮ್ಮನ ಪೆನ್ನು ಹಾಗೇ ನಿಂತಿತ್ತು. ಗೋಂದಮ್ಮ ಹೌದು ಎಂದಿದ್ದರೆ ಅವನು ನಂಬುತ್ತಿದ್ದ, ಪುಟ್ಟಿ. ಮುದುಕನಿಗೆ ಒಂದಿಷ್ಟು ಮರೆವು, ಅಡುಗೆ ಮಾತ್ರ ಸರಿಯಿದೆ ಎಂದು ನರ್ಸಮ್ಮ ಬರೆದುಕೊಂಡು ಹೋಗುತ್ತಿದ್ದಳೋ ಏನೋ. ಅವನು ಮಾತ್ರ ತನ್ನ ನಾಲಿಗೆಯೂ ಸುಳ್ಳು ಎಂದುಕೊಂಡು ಉಳಿದ ದಿನ ಕಳೆಯಬೇಕಾಗುತ್ತಿತ್ತು. ಅವಳು ಅವನ ಮುಖವನ್ನೇ ನೋಡಿದಳು. ನನ್ನ ಕೈ ಬಿಟ್ಟಳು.

"ಇಲ್ಲ ರೀ. ನಾನು ಮಾಡಿದ್ದು."

ಅವನ ಖುಷಿ ನೀನು ನೋಡಬೇಕಿತ್ತು! ಮೇಜು ಗುದ್ದಿ ನಕ್ಕ. "ಹೇಳ್ಲಿಲ್ವಾ ನಾನು? ಇಷ್ಟು ವರ್ಷ ನನ್ನ ಜೊತೆ ಬಾಳಿ ಉಪ್ಪು ಯಾವಾಗ ಹಾಕ್ಬೇಕು ಅಂತ ಕಲೀಲಿಲ್ಲ ಇವಳು. ಚಪ್ಪಲಿ ಅಂಟ್ಸೋಕೇ ಸರಿ!" ಎಂದು ಎಲ್ಲರ ಮುಖ ನೋಡಿದ. ಯಾರೂ ನಗಲಿಲ್ಲ. ಅವನು ಅದನ್ನು ಗಮನಿಸಲೂ ಇಲ್ಲ, ತಟ್ಟೆ ಹತ್ತಿರ ಎಳೆದುಕೊಂಡು ಇನ್ನೆರಡು ಸಾಸೇಜು ತಿಂದ.

ಆಮೇಲೆ ಎಲ್ಲವೂ ಹೊರಗೆ ಬಂತು. ಯಾಕೆ ನೀನು ಮಾಡಿದೆ ಎಂದು ಮಗಳು ಕೇಳಿದಳು. ಮುಚ್ಚಳ, ಚಮಚ, ಹಸಿಮಾಂಸ, ಔಷಧಿ, ಒಂದೊಂದನ್ನೂ ಗೋಂದಮ್ಮ ತಲೆ ತಗ್ಗಿಸಿಕೊಂಡು ಹೇಳಿದಳು. ಮಗಳು ಜಗಳವಾಡಲಿಲ್ಲ. ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು. ಅಮ್ಮನ ಬೆರಳಿನ ಗೋಂದನ್ನು ನೋಡುತ್ತಾ ಕೂತಿದ್ದಳು. ನರ್ಸಮ್ಮ ಬರೆಯಬೇಕಾದ್ದನ್ನು ಬರೆದಳು. ಅವಳನ್ನು ಬೈದು ಏನು ಪ್ರಯೋಜನ? ಹೋಗುವಾಗ ಬಾಗಿಲಲ್ಲಿ ನಿಂತು, "ಅಮ್ಮಾ, ನೀವೂ ಡಾಕ್ಟರ ಹತ್ರ ಹೋಗಿ ಬನ್ನಿ," ಎಂದಳು. ಗೋಂದಮ್ಮ ಆಗಲಿ ಎಂದಳು. ಹೋಗಿಲ್ಲ.

ನಾಳೆ ಬೆಳಗ್ಗೆ ಒಂಬತ್ತಕ್ಕೆ ಆರೈಕೆ ಮನೆಯ ವ್ಯಾನು ಬರುತ್ತದೆ. ಅವನಿಗೆ ಎಲ್ಲಿಗೆ ಎಂದು ಹೇಳಿದ್ದಾರೆ, ಎರಡು ಸಲ. ಎರಡು ಸಲವೂ, ಅಲ್ಲಿ ಅಡುಗೆಯವರು ಇದ್ದಾರಾ ಎಂದು ಕೇಳಿದನಂತೆ. ಅವರು ಒಂದು ಪಟ್ಟಿ ಕಳಿಸಿದ್ದಾರೆ. ಎಂಟು ಶರ್ಟು, ಆರು ಪೈಜಾಮ, ನಾಲ್ಕು ಟವೆಲು, ಎಲ್ಲದಕ್ಕೂ ಒಳಗಡೆ ಅವನ ಹೆಸರು ಹೊಲಿದಿರಬೇಕು, ಒಗೆಯುವಾಗ ಬೇರೆಯವರದ್ದರ ಜೊತೆ ಕಲೆತುಹೋಗಬಾರದಂತೆ. ಗೋಂದಮ್ಮ ಬೆಳಗ್ಗೆಯಿಂದ ಸೂಜಿ ಹಿಡಿದು ಕೂತಿದ್ದಾಳೆ. ಒಂದು ಅಕ್ಷರವೂ ಆಗಿಲ್ಲ. "ಹೊಲಿದುಬಿಟ್ರೆ ಕೊಟ್ಟುಬಿಟ್ಟ ಹಾಗೆ ಅಕ್ಕಾ," ಅನ್ನುತ್ತಾಳೆ. ನಾನೇ ಹೊಲಿಯೋಣವೆಂದರೆ ಈ ಕಣ್ಣಿಗೆ ಸೂಜಿಯೇ ಕಾಣುವುದಿಲ್ಲ.

ಕೇಳಿದ್ದು ಸಾಕು, ಏಳು. ಕೆಳಗೆ ಹೋಗಿ ಆ ಬಟ್ಟೆಯ ಗಂಟನ್ನು ಇಲ್ಲಿಗೆ ಎತ್ತಿಕೊಂಡು ಬಾ, ಅವಳ ಎದುರು ಹೊಲಿಯಬೇಡ. ಹಾಗೇ ಅಂಗಡಿಗೆ ಹೋಗಿ ನೀಲಿ ದಾರದ ಒಂದು ಉಂಡೆ ತಾ, ನನ್ನ ಹತ್ತಿರ ಬರೀ ಕಪ್ಪು ಇದೆ. ಕತ್ತಲಾಗುವುದರೊಳಗೆ ಶರ್ಟುಗಳನ್ನಾದರೂ ಮುಗಿಸು. ಹೆಸರನ್ನು ಕಾಲರಿನ ಕೆಳಗೆ ಹಾಕು, ಗಂಟು ಹೊರಗಡೆಗೆ ಬರಲಿ, ಅವನ ಕುತ್ತಿಗೆಗೆ ಚುಚ್ಚಬಾರದು.